ಬಾಗಿಲು ತೆರೆಯದ ಇ-ಎಸ್‌ಯುವಿ: ಎರೆಮಣ್ಣು, ಮಳೆ, ಬಿಸಿಲಿನ ನಾಡಿನಲ್ಲಿ ದೋಷ ಹುಡುಕುವ ಬಗೆ

ಹಳೆಯ ಗಾಡಿಯ ಬಾಗಿಲು ಕೆಟ್ಟರೆ ಹಿಡಿಕೆ ಕಿತ್ತು ಕೈಗೆ ಬರುತ್ತಿತ್ತು, ಇಲ್ಲವೇ ಕೀಲಿ ತಿರುಗುತ್ತಿರಲಿಲ್ಲ. ಕೆಟ್ಟದ್ದು ಯಾವುದು ಅಂತ ಕಣ್ಣಿಗೇ ಕಾಣುತ್ತಿತ್ತು. ಈಗಿನ ವಿದ್ಯುತ್ ಎಸ್‌ಯುವಿಗಳಲ್ಲಿ ಹಿಡಿಕೆ ಬಾಗಿಲಿನ ಮೈಯೊಳಗೇ ಅಡಗಿ ಕೂತಿರುತ್ತದೆ. ಹ್ಯುಂಡೈ ಐಯಾನಿಕ್ 5ರಲ್ಲಿ ಅದು ತಾನೇ ಹೊರಬರುತ್ತದೆ, ಟೆಸ್ಲಾ ಮಾಡೆಲ್ ವೈನಲ್ಲಿ ಹೆಬ್ಬೆರಳಿನಿಂದ ಒತ್ತಿ ಎಬ್ಬಿಸಬೇಕು. ಮಹೀಂದ್ರಾ ಬಿಇ 6, ಎಕ್ಸ್‌ಇವಿ 9ಇಗಳ ಹಿಂಬಾಗಿಲಿನ ಹಿಡಿಕೆ ಗಾಜಿನ ಹಿಂದಿನ ಮೂಲೆಯಲ್ಲಿದೆ. ಮನೆಗೆ ಬಂದ ಬೀಗರು ಹುಡುಕುತ್ತ ನಿಲ್ಲುವುದೇ ಹೆಚ್ಚು. ಇನ್ನು 2015ರಲ್ಲಿ ಬಂದ ಟೆಸ್ಲಾ ಮಾಡೆಲ್ ಎಕ್ಸ್‌ನ ಹಿಂಬಾಗಿಲು ಗಿಡುಗನ ರೆಕ್ಕೆಯ ಹಾಗೆ ಮೇಲಕ್ಕೇ ಏಳುತ್ತದೆ.

ನೋಟ ಬೇರೆಬೇರೆಯಾದರೂ ಒಳಗಿನ ಸರಪಳಿ ಹೆಚ್ಚುಕಡಿಮೆ ಒಂದೇ. ಕೀಲಿ ಸಂಕೇತ ಕಳಿಸುತ್ತದೆ, ಗಾಡಿಯ ಕಂಪ್ಯೂಟರ್ ಅದನ್ನು ಗುರುತಿಸುತ್ತದೆ, ತಾನೇ ಹೊರಬರುವ ಹಿಡಿಕೆಯಾದರೆ ಮೋಟರ್ ಅದನ್ನು ದಬ್ಬುತ್ತದೆ, ಬಾಗಿಲನ್ನು ಕಚ್ಚಿ ಹಿಡಿದ ಲ್ಯಾಚ್ ಬಿಡುತ್ತದೆ. ಇಷ್ಟೂ ಕೆಲಸ ನಡೆಯುವುದು 12 ವೋಲ್ಟಿನ ಸಣ್ಣ ಬ್ಯಾಟರಿಯ ಮೇಲೆ. ನೆಲದಡಿಯ ದೊಡ್ಡ ಬ್ಯಾಟರಿಯಲ್ಲಿ ನಾನೂರು ಕಿಲೋಮೀಟರ್ ಓಡುವಷ್ಟು ಚಾರ್ಜ್ ಇರಬಹುದು. ಆದರೆ ಅದನ್ನು ಗಾಡಿಗೆ ಜೋಡಿಸುವ ಸ್ವಿಚ್ಚುಗಳನ್ನು ಒತ್ತುವುದು ಈ ಸಣ್ಣ ಬ್ಯಾಟರಿಯೇ. ನೆಲದೊಳಗಿನ ಹಗೇವಿನ ತುಂಬ ಜೋಳವಿದೆ, ಬಾಯಿಕಲ್ಲು ಎತ್ತುವವರಿಲ್ಲ ಅನ್ನುವ ಸ್ಥಿತಿ. ಹಾಗಾಗಿ ಬಾಗಿಲಿನ ದೋಷವನ್ನು ಬಾಗಿಲಿನಲ್ಲಿ ಹುಡುಕುವುದು ಎರಡನೆಯ ಕೆಲಸ. ಮೊದಲು ನೋಡಬೇಕಾದದ್ದು ಕರೆಂಟು.

ಮೊದಲು ಜೀವ, ಆಮೇಲೆ ದೋಷ

ಒಳಗೆ ಮಗು, ವಯಸ್ಸಾದವರು ಸಿಕ್ಕಿಕೊಂಡಿದ್ದರೆ ಈ ಬರಹವನ್ನು ಪಕ್ಕಕ್ಕಿಡಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಮುಚ್ಚಿದ ಗಾಡಿಯೊಳಗೆ ಹತ್ತು ನಿಮಿಷವೂ ಹೆಚ್ಚು. 112ಕ್ಕೆ ಕರೆ ಮಾಡಿ, ಗಾಜು ಒಡೆಯಿರಿ. ಮಗುವಿನಿಂದ ದೂರವಿರುವ ಪಕ್ಕದ ಗಾಜಿನ ಕೆಳಮೂಲೆಗೆ ಚೂಪಾದ ಗಟ್ಟಿ ವಸ್ತುವಿನಿಂದ ಹೊಡೆಯಬೇಕು, ನಡುವೆ ಅಲ್ಲ. ಒಂದು ಮಾತು: ಈಗ ಕೆಲವು ದುಬಾರಿ ಗಾಡಿಗಳ ಪಕ್ಕದ ಗಾಜು ಎರಡು ಪದರದ ಲ್ಯಾಮಿನೇಟೆಡ್ ಗಾಜು. ಅದು ಬಿರಿಯುತ್ತದೆ, ಉದುರುವುದಿಲ್ಲ. ನಿಮ್ಮ ಗಾಡಿಯ ಯಾವ ಗಾಜು ಟೆಂಪರ್ಡ್ (ಹೊಡೆದರೆ ಹರಳಾಗಿ ಉದುರುವಂಥದ್ದು) ಎಂಬುದು ಗಾಜಿನ ಮೂಲೆಯಲ್ಲೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ, ಇವತ್ತೇ ನೋಡಿಟ್ಟುಕೊಳ್ಳಿ.

ಕರೆಂಟಿಲ್ಲದಾಗ ಒಳಗಿನಿಂದ ಬಾಗಿಲು ತೆರೆಯುವ ಯಾಂತ್ರಿಕ ಎಳೆತ ಎಲ್ಲಿದೆ ಎಂಬುದೂ ಈಗಲೇ ಗೊತ್ತಿರಬೇಕು. ಕೆಲವು ಗಾಡಿಗಳಲ್ಲಿ ಒಳಹಿಡಿಕೆಯನ್ನು ಪೂರ್ತಿ ಎಳೆದರೆ ಸಾಕು, ಕೆಲವದರಲ್ಲಿ ಎರಡು ಸಲ ಎಳೆಯಬೇಕು. ಮಾಡೆಲ್ ವೈನ ಹಿಂಬಾಗಿಲಿನಲ್ಲಿ, ಇದ್ದರೆ, ಬಾಗಿಲಿನ ಜೇಬಿನ ತಳದ ಹಾಸನ್ನೆತ್ತಿ ಮುಚ್ಚಳ ತೆಗೆದಾಗ ತಂತಿ ಸಿಗುತ್ತದೆ. ಎಲ್ಲ ಗಾಡಿಗೂ ಅದನ್ನು ಕೊಟ್ಟಿಲ್ಲ. ಕೊಡದಿದ್ದರೆ ಹಿಂದೆ ಕೂತವರು ಮುಂದಿನ ಸೀಟಿನತ್ತ ದಾಟಿ ಬರಬೇಕು, ಬೇರೆ ದಾರಿಯಿಲ್ಲ. ಮನೆಯ ಮಕ್ಕಳಿಗೂ ಅಜ್ಜಿಗೂ ಇದನ್ನು ಒಮ್ಮೆ ಮಾಡಿಸಿ ನೋಡಿ. ತೋರಿಸಿದರೆ ಸಾಲದು, ಅವರ ಕೈಯಲ್ಲೇ ಎಳೆಸಿ.

ಕೈಗೆ ಬೇಕಾದ ಸಾಮಾನು ಜಾಸ್ತಿಯಿಲ್ಲ: ಒಂದು ಮಲ್ಟಿಮೀಟರ್ (ನಾನೂರು-ಐನೂರು ರೂಪಾಯಿಯದು ಸಾಕು), ಒಂದು ಜೊತೆ ಸಿಆರ್2032 ನಾಣ್ಯದ ಸೆಲ್, ಒಂದಿಂಚಿನ ಮೆತ್ತನೆ ಪೇಂಟ್ ಬ್ರಷ್, ಸಿಲಿಕೋನ್ ಸ್ಪ್ರೇ, ಹಳೆ ಬನಿಯನ್ ಬಟ್ಟೆ, ಟಾರ್ಚ್. ಗಾಡಿಯಲ್ಲಿ ಎಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೂ ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಅದು ಹೈವೋಲ್ಟೇಜ್.

“ಒಂದೂ ಬಾಗಲಾ ತಗೀವಲ್ದು, ಗಾಡಿ ಸುಮ್ಮ ನಿಂತೈತಿ”

ನಾಲ್ಕೂ ಬಾಗಿಲು ಒಟ್ಟಿಗೆ ಕೆಡುವುದಿಲ್ಲ. ನಾಲ್ಕೂ ಮೌನವಾಗಿದ್ದರೆ ತಪ್ಪು ಕೀಲಿಯದು, ಇಲ್ಲವೇ 12 ವೋಲ್ಟ್ ಬ್ಯಾಟರಿಯದು.

ಅಗ್ಗದ್ದರಿಂದ ಶುರು ಮಾಡಿ. ಕೀಲಿಯ ಗುಂಡಿ ಒತ್ತಿದಾಗ ಅದರ ಪುಟ್ಟ ದೀಪ ಹೊತ್ತುತ್ತದೆಯೇ? ಮಂಕಾಗಿದ್ದರೆ ಸೆಲ್ ಬದಲಿಸಿ. ಹೊಸ ಸೆಲ್ ಮೀಟರಿನಲ್ಲಿ 3 ವೋಲ್ಟಿಗಿಂತ ತುಸು ಹೆಚ್ಚೇ ತೋರಿಸುತ್ತದೆ, 2.7ಕ್ಕಿಂತ ಕೆಳಗಿದ್ದರೆ ಅದರ ಆಯುಷ್ಯ ಮುಗಿದಂತೆ. ಕೀಲಿಯೂ ಫೋನೂ ಒಂದೇ ಜೇಬಿನಲ್ಲಿದ್ದರೆ ಸಂಕೇತ ಕುಗ್ಗುತ್ತದೆ. ಬೇರೆ ಮಾಡಿ, ಕೀಲಿಯನ್ನು ಚಾಲಕನ ಹಿಡಿಕೆಗೆ ತಾಗಿಸಿ ಒತ್ತಿ ನೋಡಿ. ಮನೆಯಲ್ಲಿರುವ ಎರಡನೇ ಕೀಲಿಯನ್ನೂ ತಂದು ನೋಡಿ. ಎರಡೂ ಕೆಲಸ ಮಾಡದಿದ್ದರೆ ಕೀಲಿಯನ್ನು ಅನುಮಾನಿಸುವುದು ಬಿಡಿ.

ಅನೇಕ ಗಾಡಿಗಳ ಕೀಲಿಯೊಳಗೆ ಲೋಹದ ಅಲಗು ಅಡಗಿರುತ್ತದೆ. ಚಾಲಕನ ಹಿಡಿಕೆಯ ಮುಂತುದಿಯನ್ನು ಒಳಕ್ಕೆ ಒತ್ತಿದರೆ ಹಿಂತುದಿ ಹೊರಬರುತ್ತದೆ, ಕೀಲಿತೂತು ಅಲ್ಲೇ ಹಿಡಿಕೆಯ ಹಿಂದೆ ಅಥವಾ ಸಣ್ಣ ಮುಚ್ಚಳದ ಕೆಳಗೆ ಇರುತ್ತದೆ. ವರ್ಷಗಟ್ಟಲೆ ಮುಟ್ಟದ ತೂತಿಗೆ ಧೂಳು ಕೂತಿರುತ್ತದೆ. ಅಲಗನ್ನು ಬಲವಾಗಿ ತಿರುಗಿಸಿದರೆ ಮುರಿದು ಒಳಗೇ ಉಳಿಯುತ್ತದೆ. ಸಿಲಿಕೋನ್ ಒಂದು ಚಿಮುಕು ಹಾಕಿ, ಹಿಂದೆ ಮುಂದೆ ಮೆಲ್ಲಗೆ ಆಡಿಸಿ.

ಒಳಗೆ ಹೋದ ಮೇಲೆ ನೋಡಿ: ಪರದೆ ಕಪ್ಪಾಗಿದೆಯೇ, ಒಳದೀಪ ಮಿಣಮಿಣ ಅನ್ನುತ್ತಿದೆಯೇ, ಡ್ಯಾಶ್‌ನ ಹಿಂದೆ ಟಕಟಕ ಸದ್ದಿದೆಯೇ? ಹಾಗಿದ್ದರೆ ಮೀಟರ್ ತೆಗೆಯಿರಿ. ಲೆಡ್-ಆಸಿಡ್ ಅಥವಾ ಅದರದೇ ಮುಚ್ಚಿದ ಬಗೆಯಾದ ಎಜಿಎಂ ಬ್ಯಾಟರಿ ರಾತ್ರಿಯಿಡೀ ನಿಂತ ಮೇಲೆ 12.6ರಿಂದ 12.8 ತೋರಿಸಿದರೆ ತುಂಬಿದೆ. 12.2 ಅಂದರೆ ಅರ್ಧ. 11.8ಕ್ಕಿಂತ ಕಡಿಮೆ ಇದ್ದರೆ ಬಾಗಿಲಿನ ಮೋಟರು ತಿರುಗುವ ಮಾತು ಬಿಡಿ, ಕಂಪ್ಯೂಟರೂ ಸರಿಯಾಗಿ ಏಳುವುದಿಲ್ಲ. ಗಾಡಿ ರೆಡಿ ಸ್ಥಿತಿಗೆ (ಓಡಲು ಸಿದ್ಧವಾದ ಸ್ಥಿತಿಗೆ) ಬಂದಾಗ ಅದೇ ತುದಿಗಳಲ್ಲಿ 13.5ರಿಂದ 14.8ರ ನಡುವೆ ಬರಬೇಕು. ಬರದಿದ್ದರೆ ದೊಡ್ಡ ಬ್ಯಾಟರಿಯಿಂದ ಸಣ್ಣದಕ್ಕೆ ಚಾರ್ಜ್ ಇಳಿಸುವ ಕನ್ವರ್ಟರ್ ಕೆಲಸ ಮಾಡುತ್ತಿಲ್ಲ. ಅದು ಮನೆಯಲ್ಲಿ ಆಗುವ ರಿಪೇರಿ ಅಲ್ಲ. ಕೆಲವು ಹೊಸ ಗಾಡಿಗಳಲ್ಲಿ ಸಣ್ಣದೂ ಲಿಥಿಯಂ ಬ್ಯಾಟರಿಯೇ ಇರುತ್ತದೆ. ಅದಕ್ಕೆ ಈ ಅಂಕಿಗಳು ಹೊಂದುವುದಿಲ್ಲ, ಮಾಮೂಲಿ ಚಾರ್ಜರನ್ನೂ ಹಚ್ಚಬಾರದು.

ಇಲ್ಲೊಂದು ಫಜೀತಿಯಿದೆ. ಬ್ಯಾಟರಿ ಇರುವುದು ಬಾನೆಟ್ ಕೆಳಗೆ, ಕೆಲವು ಗಾಡಿಗಳ ಬಾನೆಟ್ ತೆರೆಯುವುದು ಬ್ಯಾಟರಿಯ ಕರೆಂಟಿನಿಂದಲೇ. ಅಂಥ ಗಾಡಿಗಳಿಗೆ ಹೊರಗಿನಿಂದ 12 ವೋಲ್ಟ್ ಕೊಡಲು ಬೇರೆ ತುದಿಗಳಿರುತ್ತವೆ. ಟೆಸ್ಲಾ ಮಾಡೆಲ್ ವೈನಲ್ಲಿ ಅವು ಮುಂದಿನ ಬಂಪರಿನ ಎಳೆಕೊಕ್ಕೆಯ ಮುಚ್ಚಳದ ಹಿಂದೆ. ನಿಮ್ಮ ಗಾಡಿಯದು ಎಲ್ಲಿದೆ ಎಂದು ಕೈಪಿಡಿಯ ಆ ಪುಟದ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಕೈಪಿಡಿ ಪುಸ್ತಕ ಬೀಗ ಬಿದ್ದ ಗಾಡಿಯೊಳಗೇ ಇರುತ್ತದಲ್ಲ.

ಹೊರಗಿನ ಬ್ಯಾಟರಿಯಿಂದ ಕರೆಂಟು ಹಾಯಿಸಿ ಜಂಪ್ ಕೊಡುವಾಗ ಕೆಂಪು ತಂತಿ ಪ್ಲಸ್‌ಗೆ, ಕಪ್ಪು ತಂತಿ ಕೈಪಿಡಿ ಹೇಳಿದ ಲೋಹದ ಬೋಲ್ಟಿಗೆ. ಅದಲುಬದಲಾದರೆ ಫ್ಯೂಸ್ ಅಷ್ಟೇ ಅಲ್ಲ, ಕಂಪ್ಯೂಟರೇ ಸುಡಬಹುದು. ವಿದ್ಯುತ್ ಗಾಡಿ ಜಂಪ್ ತೆಗೆದುಕೊಳ್ಳಬಹುದು. ಬೇರೆಯವರ ಡೀಸೆಲ್ ಗಾಡಿ ಎಬ್ಬಿಸಲು ಜಂಪ್ ಕೊಡಬಾರದು. ಪಕ್ಕದ ಮನೆಯವರಿಗೆ ಬೇಜಾರಾದರೂ ಪರವಾಗಿಲ್ಲ. ಎದ್ದ ಮೇಲೆ ರೆಡಿ ಸ್ಥಿತಿಯಲ್ಲಿ ಕನಿಷ್ಠ ಒಂದು ತಾಸು ಬಿಡಿ.

ಎದ್ದಿತು ಅಂತ ಬಿಟ್ಟರೆ ಮುಂದಿನ ವಾರ ಮತ್ತೆ ಅದೇ ಕಥೆ. ಬ್ಯಾಟರಿ ಯಾಕೆ ಇಳಿಯಿತು ಎಂದು ಹುಡುಕಿ. ರಾತ್ರಿ ಬೀಗ ಹಾಕಿ ಅರ್ಧ ತಾಸಿನ ಮೇಲೆ ಒಮ್ಮೆ, ಬೆಳಿಗ್ಗೆ ಒಮ್ಮೆ ವೋಲ್ಟೇಜ್ ಅಳೆಯಿರಿ. 12.6 ಇದ್ದದ್ದು ಬೆಳಿಗ್ಗೆ 12.2ಕ್ಕೆ ಬಂದಿದ್ದರೆ ಏನೋ ಕುಡಿಯುತ್ತಿದೆ, ಇಲ್ಲವೇ ಬ್ಯಾಟರಿಯೇ ಮುದಿಯಾಗಿದೆ. ಮೊದಲ ಅನುಮಾನ ಹೊರಗಡೆ ಹಾಕಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್, ಬಣ್ಣದ ದೀಪಗಳ ಮೇಲೆ. ಅವನ್ನು ಕಿತ್ತು ಇನ್ನೊಂದು ರಾತ್ರಿ ಅಳೆಯಿರಿ. ಎರಡನೆಯದು ಆ್ಯಪ್: ಗಾಡಿ ಏನು ಮಾಡುತ್ತಿದೆ ಎಂದು ಗಳಿಗೆಗೊಮ್ಮೆ ತೆರೆದು ನೋಡಿದಾಗಲೆಲ್ಲ ಮಲಗಿದ ಗಾಡಿ ಏಳುತ್ತದೆ. ಮೂರನೆಯದು, ದೊಡ್ಡ ಬ್ಯಾಟರಿಯನ್ನು ತೀರ ಖಾಲಿಯಾಗಿ ಬಿಟ್ಟು ಊರಿಗೆ ಹೋಗುವುದು; ಅದು ಒಂದು ಮಟ್ಟಕ್ಕಿಂತ ಇಳಿದರೆ ಸಣ್ಣದಕ್ಕೆ ಚಾರ್ಜ್ ಹಾಕುವುದನ್ನು ಗಾಡಿ ನಿಲ್ಲಿಸುತ್ತದೆ. ಹದಿನೈದು ದಿನ ನಿಲ್ಲಿಸುವುದಾದರೆ ಅರ್ಧದಷ್ಟಾದರೂ ಇರಲಿ. ಗದಗಿನ ಬೇಸಿಗೆಯಲ್ಲಿ ಬಯಲಲ್ಲಿ ನಿಲ್ಲುವ ಗಾಡಿಯ ಲೆಡ್-ಆಸಿಡ್ ಬ್ಯಾಟರಿಯನ್ನು ಮೂರು ವರ್ಷ ದಾಟಿದ ಮೇಲೆ ನಂಬಬೇಡಿ.

“ಒಂದ ಹ್ಯಾಂಡಲ್ ಅಷ್ಟ ಹೊರಗ ಬರವಲ್ದು”

ಮೂರು ಬಂದು ಒಂದು ಬರದಿದ್ದರೆ ಕರೆಂಟು ಚೆನ್ನಾಗಿದೆ, ದೋಷ ಆ ಬಾಗಿಲಿನದು. ನಮ್ಮ ಕಡೆ ಮುಕ್ಕಾಲುಪಾಲು ಇದು ಮಣ್ಣಿನ ಕೆಲಸ.

ಅದರಲ್ಲೂ ಎರಡು ಬಗೆ. ನವಲಗುಂದ, ಅಣ್ಣಿಗೇರಿ, ನರಗುಂದದ ಕಡೆಯ ಎರೆಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಗಟ್ಟಿಯಾಗಿ ಬಿರಿಯುತ್ತದೆ. ಹಿಡಿಕೆಯ ಸುತ್ತಲಿನ ಎರಡು ಮಿಲಿಮೀಟರ್ ಸಂದಿಗೆ ಮಳೆಯಲ್ಲಿ ಸಿಡಿದದ್ದು ಮರುದಿನ ಬಿಸಿಲಿಗೆ ಸಿಮೆಂಟಿನ ಹಾಗೆ ಕೂರುತ್ತದೆ. ಧಾರವಾಡದ ಕೆಮ್ಮಣ್ಣು ಹಾಗೆ ಅಂಟುವುದಿಲ್ಲ, ಆದರೆ ಅದರ ಹರಳು ಒಳಗಿನ ಪ್ಲಾಸ್ಟಿಕ್ ಗೇರನ್ನು ಸವೆಸುತ್ತದೆ. ಎರೆಮಣ್ಣು ಹಿಡಿಕೆಯನ್ನು ಬಿಗಿಯುತ್ತದೆ, ಕೆಮ್ಮಣ್ಣು ತಿನ್ನುತ್ತದೆ.

ಕಿವಿಯಿಟ್ಟು ಕೇಳಿ. ಇನ್ನೊಬ್ಬರು ಕೀಲಿ ಒತ್ತಲಿ, ನೀವು ಬಾಗಿಲಿಗೆ ಕಿವಿ ಹಚ್ಚಿ.

ಗುರ್ ಎಂದು ಮೋಟರ್ ಎಳೆದಾಡಿ ನಿಂತರೆ ಹಿಡಿಕೆ ಬಿಗಿದಿದೆ, ಅಂದರೆ ಮಣ್ಣು. ಮೋಟರ್ ಸಲೀಸಾಗಿ ತಿರುಗಿದ ಸದ್ದು ಬಂದು ಹಿಡಿಕೆ ಅಲುಗದಿದ್ದರೆ ಗೇರಿನ ಹಲ್ಲು ಹೋಗಿದೆ ಅಥವಾ ಕೊಂಡಿ ಕಳಚಿದೆ. ಹಿಡಿಕೆಯ ಇಡೀ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ. ಸದ್ದೇ ಇಲ್ಲದಿದ್ದರೆ ತಂತಿ, ಫ್ಯೂಸ್ ಅಥವಾ ಮೋಟರ್. ಆಗ ಅದೇ ಬಾಗಿಲಿನ ಗಾಜು ಏರಿಳಿಯುತ್ತದೆಯೇ, ಸ್ಪೀಕರ್ ಹಾಡುತ್ತದೆಯೇ ನೋಡಿ. ಅವೂ ಸತ್ತಿದ್ದರೆ ಬಾಗಿಲಿನ ತಿರುಗಣಿಯ ಬಳಿ ರಬ್ಬರ್ ಕೊಳವೆಯೊಳಗೆ ತಂತಿ ತುಂಡಾಗಿದೆ. ಬಾಗಿಲು ತೆರೆದು ಆ ಕೊಳವೆಯನ್ನು ಮೆಲ್ಲಗೆ ಬಾಗಿಸುತ್ತ ಗಾಜಿನ ಸ್ವಿಚ್ ಒತ್ತಿ. ಒಂದು ಕ್ಷಣ ಜೀವ ಬಂದು ಹೋದರೆ ಅನುಮಾನ ಖಾತ್ರಿ.

ಮಣ್ಣು ತೆಗೆಯುವ ಕ್ರಮ ಹೀಗೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಿಡಿಕೆಯ ಮೇಲೆ ಹತ್ತು ನಿಮಿಷ ಹಾಕಿಡಿ. ಎರೆಮಣ್ಣು ನೆನೆಯಲು ಹೊತ್ತು ಬೇಕು. ಆಮೇಲೆ ಬ್ರಷ್ಷಿನಿಂದ ಸಂದಿಯುದ್ದಕ್ಕೂ, ಮೇಲಿನಿಂದ ಕೆಳಕ್ಕೆ ಮಾತ್ರ ಎಳೆಯಿರಿ. ಉಜ್ಜಿದರೆ ಬಣ್ಣ ಗೀರುತ್ತದೆ. ಮುಂತುದಿಯನ್ನು ಬೆರಳಿನಿಂದ ಒಳಕ್ಕೊತ್ತಿ ಹಿಂತುದಿ ಹೊರಗೆ ಬಂದಾಗ ಒಳಮೈಯನ್ನೂ ಒರೆಸಿ. ಬಟ್ಟೆಗೆ ಕಪ್ಪು ಬಣ್ಣ ಹತ್ತುವುದು ನಿಲ್ಲುವವರೆಗೆ ಬಿಡಬೇಡಿ. ಒಣಗಿದ ಮೇಲೆ ಸಿಲಿಕೋನನ್ನು ಬಟ್ಟೆಗೆ ಸಿಂಪಡಿಸಿ ಸವರಿ. ಗ್ರೀಸ್, ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಎಣ್ಣೆ ಸವರಿದ ಹಿಡಿಕೆ ವಾರದೊಳಗೆ ಇಮ್ಮಡಿ ಧೂಳು ಹಿಡಿಯುತ್ತದೆ. ಸರ್ವಿಸಿಂಗ್ ಅಂಗಡಿಯ ಪ್ರೆಷರ್ ನಳಿಕೆಯನ್ನು ಹಿಡಿಕೆಗೆ ನೇರ ಹಿಡಿಯಲು ಬಿಡಬೇಡಿ. ಮಣ್ಣು ಹೊರಗೆ ಬರುವ ಬದಲು ಮೋಟರಿನ ತನಕ ಹೋಗುತ್ತದೆ. ತೊಳೆಸುವಾಗ ಕೀಲಿ ದೂರ ಇಡಿ, ಇಲ್ಲವೇ ಕಾರ್ ವಾಷ್ ಮೋಡ್ ಹಾಕಿ. ನೀರು ತಾಗಿದಾಗಲೆಲ್ಲ ಹಿಡಿಕೆ ಹೊರಗೊಳಗೆ ಆಡುತ್ತಿದ್ದರೆ ನೀರನ್ನು ತಾನೇ ಒಳಗೆ ಕರೆದುಕೊಳ್ಳುತ್ತದೆ.

ಬ್ಯಾಡಗಿಯ ಕಡೆ ಮೆಣಸಿನಕಾಯಿ ಸುಗ್ಗಿಯಲ್ಲಿ ಸಂದಿಗೆ ಕೆಂಪು ಹುಡಿ ಕೂರುತ್ತದೆ. ಬಾಯಿಂದ ಊದಬೇಡಿ. ಯಾಕೆ ಅಂತ ಬ್ಯಾಡಗಿಯವರಿಗೆ ಹೇಳಬೇಕಿಲ್ಲ.

“ಹ್ಯಾಂಡಲ್ ಬರ್ತೈತಿ, ಬಾಗಲಾ ಬರಂಗಿಲ್ಲ”

ಹಿಂಬಾಗಿಲಾದರೆ, ಒಳಗಿನಿಂದ ಮಾತ್ರ ತೆರೆಯುತ್ತಿಲ್ಲವಾದರೆ, ಚೈಲ್ಡ್ ಲಾಕ್. ನಗಬೇಡಿ, ಈಗ ಅದು ಪರದೆಯೊಳಗಿನ ಗುಂಡಿಯಾಗಿದೆ. ಹಾಡು ಬದಲಿಸಲು ಹೋದ ಮಗುವಿನ ಬೆರಳು ತಾಗಿದರೂ ಬೀಳುತ್ತದೆ.

ಹೊರಗಿನಿಂದಲೂ ಬಾರದಿದ್ದರೆ ಬಾಗಿಲನ್ನು ಅಂಗೈಯಿಂದ ಒಳಕ್ಕೆ ಒತ್ತಿ ಹಿಡಿದು, ಅದೇ ಹೊತ್ತಿಗೆ ಹಿಡಿಕೆ ಎಳೆಯಿರಿ. ಬಂದರೆ ಲ್ಯಾಚಿನ ಮೇಲೆ ಭಾರ ಜಾಸ್ತಿಯಾಗಿದೆ: ಸುತ್ತಲ ರಬ್ಬರ್ ಅಂಟಿದೆ, ಅಥವಾ ಲ್ಯಾಚ್ ಕಚ್ಚುವ, ಗಾಡಿಯ ಕಂಬದ ಮೇಲಿನ ಯು ಆಕಾರದ ಕೊಂಡಿ ಸರಿದಿದೆ. ರಬ್ಬರಿಗೆ ಸಿಲಿಕೋನ್ ಸವರಿ. ಕೊಂಡಿಯ ಬೋಲ್ಟ್ ಸಡಿಲಿಸುವ ಮೊದಲು ಅದರ ಸುತ್ತ ಪೆನ್ಸಿಲಿನಿಂದ ಗುರುತು ಹಾಕಿ, ಒಂದು ಮಿಲಿಮೀಟರಿಗಿಂತ ಹೆಚ್ಚು ಸರಿಸಬೇಡಿ.

ಚೌಕಟ್ಟಿಲ್ಲದ ಗಾಜಿನ ಬಾಗಿಲುಗಳದ್ದು ಬೇರೆ ಸಮಸ್ಯೆ. ಹಿಡಿಕೆ ಮುಟ್ಟಿದಾಗ ಗಾಜು ತುಸು ಕೆಳಗಿಳಿದು, ಬಾಗಿಲು ಮುಚ್ಚಿದ ಮೇಲೆ ಏರಿ ರಬ್ಬರಿನೊಳಗೆ ಕೂರಬೇಕು. 12 ವೋಲ್ಟ್ ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಗಾಜಿಗೆ ತನ್ನ ಮೇಲ್ತುದಿ ಎಲ್ಲಿ ಎಂಬುದು ಮರೆತಿರುತ್ತದೆ, ಇಳಿಯುವುದಿಲ್ಲ. ಆಗ ಬಾಗಿಲನ್ನು ಜಗ್ಗಿದರೆ ಗಾಜೇ ಬಿರಿಯುತ್ತದೆ. ಒಳಗೆ ಕೂತು ಸ್ವಿಚ್ಚನ್ನು ಮೇಲಕ್ಕೆ, ಗಾಜು ನಿಂತ ಮೇಲೂ ಐದು ಸೆಕೆಂಡ್ ಹಿಡಿಯಿರಿ, ಪೂರ್ತಿ ಇಳಿಸಿ ಹಾಗೇ ಹಿಡಿಯಿರಿ, ಮತ್ತೆ ಏರಿಸಿ. ಹೆಚ್ಚಿನ ಗಾಡಿಗಳಿಗೆ ಇಷ್ಟರಲ್ಲೇ ನೆನಪು ಮರಳುತ್ತದೆ.

“ಬಾಗಲಾ ಹಾಕಿದ್ರೂ ಹಾಕಿಲ್ಲಂತ ತೋರಸ್ತೈತಿ”

ಇದನ್ನು ಕಡೆಗಣಿಸಿದರೆ ಎರಡು ತೊಂದರೆ. ಒಂದು, ಲ್ಯಾಚ್ ನಿಜವಾಗಿಯೂ ಅರ್ಧವೇ ಬಿದ್ದಿರಬಹುದು. ಎರಡು, ಬಾಗಿಲು ತೆರೆದಿದೆ ಎಂದು ನಂಬಿದ ಗಾಡಿ ರಾತ್ರಿಯಿಡೀ ಮಲಗುವುದಿಲ್ಲ. ಬೆಳಿಗ್ಗೆ 12 ವೋಲ್ಟ್ ಖಾಲಿ, ಮೇಲಿನ ಮೊದಲ ಲಕ್ಷಣಕ್ಕೆ ಬಂದು ನಿಲ್ಲುತ್ತೀರಿ.

ಮೊದಲು ಸಂದಿಯಲ್ಲಿ ಸೀಟ್ ಬೆಲ್ಟಿನ ಬಕಲ್, ಸೀರೆಯ ಸೆರಗು, ಹಾಸಿನ ಅಂಚು ಸಿಕ್ಕಿದೆಯೇ ನೋಡಿ. ಲ್ಯಾಚಿನ ಬಾಯಿ ಒರೆಸಿ. ಆಮೇಲೂ ಹೋಗದಿದ್ದರೆ ಒಂದು ಪರೀಕ್ಷೆ: ಬಾಗಿಲು ತೆರೆದಿಟ್ಟು, ಲ್ಯಾಚಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ಒತ್ತಿ. ಎರಡು ಸಲ ಟಕ್ ಅನ್ನಬೇಕು. ಎರಡನೇ ಟಕ್‌ಗೆ ಪರದೆಯ ಚಿಹ್ನೆ ಹೋದರೆ ಬಾಗಿಲು ಮುಚ್ಚಿದ್ದನ್ನು ತಿಳಿಸುವ ಒಳಗಿನ ಮೈಕ್ರೋಸ್ವಿಚ್ ಸರಿಯಿದೆ, ಕೊಂಡಿಯ ಜೋಡಣೆ ತಪ್ಪಿದೆ. ಹೋಗದಿದ್ದರೆ ಸ್ವಿಚ್ ಕೆಟ್ಟಿದೆ. ಅದು ಲ್ಯಾಚಿನೊಳಗೇ ಇರುವುದರಿಂದ ಲ್ಯಾಚ್ ಪೂರ್ತಿ ಬದಲಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಹಿಡಿಕೆ ಎಳೆದು ಕೊಕ್ಕೆಯನ್ನು ಬಿಡಿಸಿಯೇ ಬಾಗಿಲು ಹಾಕಿ. ಮರೆತು ದಡ್ ಅಂತ ಹಾಕಿದರೆ ಕೊಕ್ಕೆಯೂ ಕೊಂಡಿಯೂ ಗುದ್ದಿಕೊಂಡು, ಐದು ರೂಪಾಯಿಯ ಕೆಲಸ ಐದು ಸಾವಿರಕ್ಕೆ ಹೋಗುತ್ತದೆ.

“ರೆಕ್ಕಿ ಬಾಗಲಾ ಅರ್ಧಕ್ಕ ನಿಂತತಿ”

ಮಾಡೆಲ್ ಎಕ್ಸ್‌ನಂಥ ರೆಕ್ಕೆಬಾಗಿಲು, ಎಂಜಿ ಎಂ9ರಂಥ ಜಾರುಬಾಗಿಲು, ಕರೆಂಟಿನ ಡಿಕ್ಕಿ ಬಾಗಿಲು, ಮೂರರದ್ದೂ ಒಂದೇ ಸ್ವಭಾವ: ಅಡ್ಡಿ ಕಂಡರೆ ನಿಲ್ಲುತ್ತವೆ. ನಿಂತದ್ದು ದೋಷವೋ ಎಚ್ಚರಿಕೆಯೋ ಎಂಬುದೇ ಪ್ರಶ್ನೆ.

ಮೇಲೆ ನೋಡಿ. ರೆಕ್ಕೆಬಾಗಿಲು ಪೂರ್ತಿ ಏಳಲು ನೆಲದಿಂದ ಸುಮಾರು 2.2 ಮೀಟರ್ ಎತ್ತರ ಬೇಕು. ಹುಬ್ಬಳ್ಳಿಯ ಹಳೆಯ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ತೊಲೆ, ನೀರಿನ ಪೈಪು ಅಲ್ಲಿಗೇ ಇಳಿದಿರುತ್ತವೆ. ಬಯಲಿಗೆ ತಂದು ತೆರೆದಾಗ ಪೂರ್ತಿ ಎದ್ದರೆ ಗಾಡಿಯಲ್ಲಿ ದೋಷವಿಲ್ಲ. ಬಯಲಲ್ಲೂ ನಿಂತರೆ ಬಾಗಿಲಿನ ಸೆನ್ಸರ್ ಇರುವ ಜಾಗವನ್ನು ಒರೆಸಿ. ಮಾಡೆಲ್ ಎಕ್ಸ್‌ನ ಮೊದಲ ಗಾಡಿಗಳಲ್ಲಿ ಸದ್ದಿನ ಅಲೆಯಿಂದ ಅಡ್ಡಿ ಗುರುತಿಸುವ ಅಲ್ಟ್ರಾಸಾನಿಕ್ ಸೆನ್ಸರುಗಳಿವೆ, ಒಣಗಿದ ಕೆಸರು ಅವಕ್ಕೆ ಗೋಡೆಯ ಹಾಗೆ ಕಾಣುತ್ತದೆ. ಹೊಸ ಗಾಡಿಯ ಪೂಜೆಯ ಅರಿಷಿಣ-ಕುಂಕುಮವನ್ನು ಸೆನ್ಸರ್ ಬಿಟ್ಟು ಬೇರೆ ಕಡೆ ಹಚ್ಚಿದರೆ ದೇವರೂ ಬೇಡ ಅನ್ನುವುದಿಲ್ಲ. ಜಾರುಬಾಗಿಲಾದರೆ ಕೆಳಗಿನ ಹಳಿಯಲ್ಲಿ ಕಲ್ಲುಹರಳು, ಚುರುಮುರಿ; ವ್ಯಾಕ್ಯೂಮ್ ಹಿಡಿಯಿರಿ.

ಡಿಕ್ಕಿ ಅರ್ಧಕ್ಕೇ ನಿಲ್ಲುತ್ತಿದ್ದರೆ ಯಾರೋ ಎತ್ತರವನ್ನು ಕಡಿಮೆ ಮಾಡಿ ಉಳಿಸಿರಬಹುದು. ಕೈಯಿಂದ ಬೇಕಾದಷ್ಟು ಎತ್ತಿ, ಮುಚ್ಚುವ ಗುಂಡಿಯನ್ನು ಬೀಪ್ ಬರುವ ತನಕ ಹಿಡಿಯಿರಿ. ಬ್ಯಾಟರಿ ಬದಲಿಸಿದ ಮೇಲೆ ಬಂದ ತೊಂದರೆಯಾದರೆ ಕೈಯಿಂದ ಒಮ್ಮೆ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ.

ಕರೆಂಟೇ ಇಲ್ಲದಾಗ ಮಾಡೆಲ್ ಎಕ್ಸ್‌ನ ರೆಕ್ಕೆಬಾಗಿಲನ್ನು ಒಳಗಿನಿಂದ ತೆರೆಯಲು ಬಾಗಿಲಿನ ಸ್ಪೀಕರ್ ಜಾಲರಿ ಕಳಚಿ, ಅಲ್ಲಿರುವ ತಂತಿಯನ್ನು ಕೆಳಕ್ಕೂ ಗಾಡಿಯ ಮುಂದಕ್ಕೂ ಎಳೆಯಬೇಕು, ಆಮೇಲೆ ಬಾಗಿಲನ್ನು ಕೈಯಿಂದ ಎತ್ತಬೇಕು. ಅದು ಭಾರದ ಬಾಗಿಲು, ಮಕ್ಕಳಿಂದ ಆಗದು. ಅರ್ಧಕ್ಕೆ ನಿಂತ ಬಾಗಿಲಿನ ಕೆಳಗೆ ತಲೆ ಹಾಕಿ ಪರೀಕ್ಷೆ ಮಾಡಬೇಡಿ, ಅಂಚಿನ ಒತ್ತುಸೆನ್ಸರ್ ಇದೆಯೋ ಎಂದು ಬೆರಳಿಟ್ಟು ನೋಡುವುದೂ ಬೇಡ. ನೋಡಲೇಬೇಕಾದರೆ ಸುರುಳಿ ಸುತ್ತಿದ ಟವೆಲ್ ಇಡಿ.

“ಬಾಗಲದಾಗ ನೀರು ಕುಲುಕಿದಂಗ ಸಪ್ಪಳಾ”

ಬಾಗಿಲಿನ ಕೆಳಅಂಚಿನ ನೀರುತೂತುಗಳಿಗೆ ಕೆಸರು ಹೂತಿದೆ. ಪ್ಲಾಸ್ಟಿಕ್ ಜಿಪ್ ಟೈ ತೂರಿಸಿ ಬಿಡಿಸಿ, ಬಳಬಳ ಇಳಿಯುತ್ತದೆ. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮಾಡಿ. ಆ ನೀರು ನಿಂತರೆ ಮೊದಲು ಹಾಳಾಗುವುದು ಲ್ಯಾಚಿನ ಸ್ವಿಚ್ಚೇ.

ಇಲ್ಲಿಗೆ ಕೈ ಬಿಡಿ

ಓಡುವಾಗ ಬಾಗಿಲು ತೆರೆದಿದೆ ಎಂಬ ಎಚ್ಚರಿಕೆ ಮತ್ತೆ ಮತ್ತೆ ಬಂದರೆ, ಬಾಗಿಲಿನಿಂದ ಸುಟ್ಟ ವಾಸನೆ ಬಂದರೆ, ಒಂದೇ ಫ್ಯೂಸ್ ಎರಡು ಸಲ ಹೋದರೆ ಮುಂದುವರಿಯಬೇಡಿ. ಅದೇ ಅಳತೆಯ ಫ್ಯೂಸಿನ ಬದಲು ದೊಡ್ಡದನ್ನೋ ತಂತಿಯ ತುಂಡನ್ನೋ ಹಾಕುವುದು ಬೆಂಕಿಗೆ ಆಮಂತ್ರಣ. ಅಪಘಾತವಾಗಿದ್ದರೆ ಹಿಡಿಕೆ ಚೆನ್ನಾಗಿ ಕಂಡರೂ ತಪಾಸಣೆ ಬೇಕು. ಉಣಕಲ್ ನಾಲಾ ಉಕ್ಕಿದಂಥ ಮಳೆಯಲ್ಲಿ ನೀರು ಹೊಸ್ತಿಲು ದಾಟಿ ಒಳಬಂದಿದ್ದರೆ ಗಾಡಿಯನ್ನು ಆನ್ ಮಾಡಬೇಡಿ, ಚಾರ್ಜಿಗೂ ಹಚ್ಚಬೇಡಿ. ಫ್ಲ್ಯಾಟ್‌ಬೆಡ್ ಮೇಲೆ ಹೇರಿಯೇ ಒಯ್ಯಬೇಕು. ವಾರಂಟಿ ಇರುವಾಗ ಬಾಗಿಲಿನ ಪ್ಯಾಡ್ ಬಿಚ್ಚುವುದು, ತಂತಿ ಕತ್ತರಿಸಿ ಜೋಡಿಸುವುದು ಬೇಡ.

ಸರ್ವಿಸ್ ಸೆಂಟರಿಗೆ ಹೋದಾಗ ಇಂಥ ದೋಷ ನಾಚಿಕೊಂಡು ಮರೆಯಾಗುವುದೇ ಹೆಚ್ಚು. ಆದದ್ದು ಆದಾಗಲೇ ಸದ್ದು ಕೇಳುವ ಹಾಗೆ ವಿಡಿಯೋ ತೆಗೆಯಿರಿ. ಯಾವ ಬಾಗಿಲು, ಒಳಗಿನಿಂದಲೋ ಹೊರಗಿನಿಂದಲೋ, ತೊಳೆಸಿ ಎಷ್ಟು ದಿನವಾಯಿತು, ಆ ಬೆಳಿಗ್ಗೆ 12 ವೋಲ್ಟ್ ಎಷ್ಟಿತ್ತು, ಪರದೆಯ ಸಾಫ್ಟ್‌ವೇರ್ ಆವೃತ್ತಿ ಯಾವುದು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಜಾಬ್ ಕಾರ್ಡಿಗೆ ಪಿನ್ ಮಾಡಿಸಿ. ‘ಬಾಗಿಲು ಸಮಸ್ಯೆ’ ಎಂದಷ್ಟೇ ಬರೆದ ಕಾರ್ಡಿಗೆ ಸಹಿ ಹಾಕಬೇಡಿ.